‘ಫೌಲ್ ಮಾಡಬೇಡ’ ಅಂದುಕೊಂಡರೆ ಫೌಲೇ ಆಗುತ್ತೆ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಪತ್ರಗಳಲ್ಲಿ ಇದ್ದದ್ದು ಒಂದೇ ಮಾತು: ‘ಅಭ್ಯಾಸದಲ್ಲಿ ಚೆನ್ನಾಗಿ ಆಡ್ತೀನಿ, ಪಂದ್ಯದಲ್ಲಿ ಆಗಲ್ಲ.’ ನನಗೆ ಈ ಮಾತು ಹೊಸದಲ್ಲ. ಕಾಲೇಜಿನಲ್ಲಿ 800 ಮೀಟರ್ ಓಡುತ್ತಿದ್ದಾಗ ನಾನೇ ಇದನ್ನು ಎಷ್ಟೋ ಸಲ ಹೇಳಿದ್ದೇನೆ. ಆಮೇಲೆ ಮನಃಶಾಸ್ತ್ರ ಓದಿದೆ. ಹತ್ತೊಂಬತ್ತು ವರ್ಷದಿಂದ ನಮ್ಮ ಜಿಲ್ಲಾ ಕ್ರೀಡಾಂಗಣದ ಗ್ಯಾಲರಿ ಕೆಳಗಿನ ಸಣ್ಣ ಕೋಣೆಯಲ್ಲಿ ಕೂತು ಆಟಗಾರರ ಜೊತೆ ಕೆಲಸ ಮಾಡುತ್ತಿದ್ದೇನೆ. ಆರು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಬರೆದವರ ಹೆಸರು ಬಿಟ್ಟಿದ್ದೇನೆ.

ಪ್ರಶ್ನೆ: ಅಕ್ಕ, ನಾನು ಪ್ರಥಮ ಪಿಯುಸಿ ಓದ್ತಿದ್ದೀನಿ. ಲಾಂಗ್ ಜಂಪ್ ಮಾಡ್ತೀನಿ. ಅಭ್ಯಾಸದಲ್ಲಿ 5 ಮೀಟರ್ ದಾಟಿದ್ದೇನೆ. ಜಿಲ್ಲಾ ಮಟ್ಟದ ಕೂಟದಲ್ಲಿ ಮೂರಕ್ಕೆ ಮೂರೂ ಫೌಲ್. 4.62 ಹಾರಿದ ಹುಡುಗಿಗೆ ಮೊದಲ ಬಹುಮಾನ ಬಂತು. ಓಡೋಕೆ ಮುಂಚೆ ‘ಫೌಲ್ ಮಾಡಬೇಡ, ಫೌಲ್ ಮಾಡಬೇಡ’ ಅಂತ ಹೇಳಿಕೊಳ್ತೀನಿ. ಆದರೂ ಕೆಂಪು ಬಾವುಟ ಏಳುತ್ತೆ. ನಮ್ಮ ಸರ್ ‘ನಿನಗೆ ಧೈರ್ಯ ಇಲ್ಲ’ ಅಂದರು. ಬಿಟ್ಟುಬಿಡಲಾ? — ರಾಣೆಬೆನ್ನೂರು ತಾಲ್ಲೂಕಿನಿಂದ

ಉತ್ತರ: ಬಿಡಬೇಡ ಮಗಳೇ. ಎರಡು ಫೌಲ್ ಆದಮೇಲೂ ಅಷ್ಟು ಜನರ ಎದುರಿಗೆ ಮೂರನೇ ಸಲ ಓಡಿ ಬಂದಿದ್ದೀಯ. ಧೈರ್ಯ ಇಲ್ಲ ಅನ್ನೋ ಮಾತನ್ನು ನಾನು ಒಪ್ಪಲ್ಲ.

ಮೊದಲು ಒಂದು ಲೆಕ್ಕ ನೋಡು. ನಿನ್ನ ರನ್‌ಅಪ್, ಅಂದರೆ ಜಿಗಿಯೋಕೆ ಮುಂಚಿನ ಓಟ, ಹದಿನಾರು ಹೆಜ್ಜೆ ಅಂತ ಇಟ್ಟುಕೊಳ್ಳೋಣ. ಕೂಟದ ದಿನ ಮೈಯಲ್ಲಿ ಬಿಸಿ ಜಾಸ್ತಿ ಇರುತ್ತೆ, ಅಭ್ಯಾಸಕ್ಕಿಂತ ಜೋರಾಗಿ ಓಡ್ತೀಯ, ಹೆಜ್ಜೆ ಉದ್ದ ಆಗುತ್ತೆ. ಒಂದೊಂದು ಹೆಜ್ಜೆ ಬರೀ 2 ಸೆಂಟಿಮೀಟರ್ ಉದ್ದವಾದರೂ ಹದಿನಾರು ಹೆಜ್ಜೆಗೆ 32 ಸೆಂಟಿಮೀಟರ್ ಆಯಿತು. ಕಾಲಿಟ್ಟು ಜಿಗಿಯೋ ಬೋರ್ಡಿನ ಅಗಲ 20 ಸೆಂಟಿಮೀಟರ್, ಅದರ ಮುಂದಿನ ಗೆರೆ ದಾಟಿದರೆ ಫೌಲ್. ಅಭ್ಯಾಸದಲ್ಲಿ ಬೋರ್ಡಿನ ನಟ್ಟನಡುವೆ ಬೀಳುತ್ತಿದ್ದ ಕಾಲು ಕೂಟದಲ್ಲಿ ಗೆರೆ ದಾಟೋದಕ್ಕೆ ಇಷ್ಟೇ ಸಾಕು. ನಿನ್ನ ಹೆದರಿಕೆಯಿಂದ ಆಗಿದ್ದು ಅಂತ ನೀನು ಅಂದುಕೊಂಡಿರೋದರಲ್ಲಿ ಒಂದು ಪಾಲು ಬರೀ ಅಳತೆಯ ತಪ್ಪು. ಕೂಟದ ದಿನ ವಾರ್ಮ್‌ಅಪ್ ಆದಮೇಲೆ ಪೂರ್ತಿ ವೇಗದಲ್ಲಿ ಎರಡು ರನ್‌ಅಪ್ ಓಡು. ಗೆಳತಿಯೊಬ್ಬಳು ಬೋರ್ಡಿನ ಪಕ್ಕ ಕೂತು ಕಾಲು ಎಲ್ಲಿ ಬಿತ್ತು ಅಂತ ನೋಡಲಿ. ಎಷ್ಟು ಮುಂದೆ ಬಿತ್ತೋ ಅಷ್ಟು, ಓಟ ಶುರು ಮಾಡೋ ಗುರುತನ್ನು ಹಿಂದಕ್ಕೆ ಸರಿಸು. ಸಣ್ಣ ಕೂಟಗಳಲ್ಲಿ ಮಕ್ಕಳು ಗುರುತಿಗೆ ಚಪ್ಪಲಿ ಇಡ್ತಾರೆ, ಅದನ್ನು ಯಾರೋ ಒದ್ದುಕೊಂಡು ಹೋಗ್ತಾರೆ. ಬಣ್ಣದ ಟೇಪ್ ತಗೊಂಡು ಹೋಗು. ಮೊದಲ ಜಿಗಿತಕ್ಕೆ ಇನ್ನೂ ಒಂದು ಗೇಣು ಹಿಂದಿನಿಂದ ಓಡು. ಅದು ಖಾತೆ ತೆರೆಯೋದಕ್ಕೆ ಮಾತ್ರ. ಒಂದು ಬಿಳಿ ಬಾವುಟ ಕಂಡರೆ ಉಳಿದ ಎರಡು ಜಿಗಿತ ನಿನ್ನವು.

ಈಗ ಮನಸ್ಸಿನ ಪಾಲಿಗೆ ಬರೋಣ. ಮದ್ದು ಕುಡಿಯುವಾಗ ಕೋತಿ ನೆನಪಾಗಬಾರದು ಅಂತ ವೈದ್ಯ ಹೇಳಿದ ಕತೆ ನೀನೂ ಕೇಳಿರ್ತೀಯ. ಆಮೇಲೆ ಲೋಟ ಎತ್ತಿದಾಗೆಲ್ಲ ಕೋತಿಯೇ. ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ 1987ರಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದರು. ವಿದ್ಯಾರ್ಥಿಗಳನ್ನು ಕೂರಿಸಿ, ಬಿಳಿ ಕರಡಿಯನ್ನು ನೆನೆಸಬೇಡಿ, ನೆನಪಾದರೆ ಗಂಟೆ ಹೊಡೆಯಿರಿ ಅಂದರು. ಗಂಟೆ ಮತ್ತೆ ಮತ್ತೆ ಹೊಡೆದುಕೊಂಡಿತು. ನೀನು ‘ಫೌಲ್ ಮಾಡಬೇಡ’ ಅಂದಾಗ ಮನಸ್ಸಿಗೆ ಮೊದಲು ಕಾಣೋದು ಫೌಲ್. ಕಣ್ಣು ಕೆಳಗೆ ಹೋಗುತ್ತೆ, ಕೊನೆಯ ಹೆಜ್ಜೆ ಎಳೆದುಬಿಡ್ತೀಯ, ಕಾಲು ಗೆರೆ ದಾಟುತ್ತೆ.

ಡೇವಿಡ್ ಲೀ ಅನ್ನುವ ಬ್ರಿಟನ್ನಿನ ಸಂಶೋಧಕರು ಜೊತೆಗಾರರ ಜೊತೆ ಸೇರಿ ಲಾಂಗ್ ಜಂಪರ್‌ಗಳ ಹೆಜ್ಜೆಗಳನ್ನು ಅಳೆದು 1982ರಲ್ಲಿ ಪ್ರಕಟಿಸಿದರು. ನುರಿತವರ ಹೆಜ್ಜೆ ಕೂಡ ರನ್‌ಅಪ್‌ನಲ್ಲಿ ಸ್ವಲ್ಪ ಸ್ವಲ್ಪ ಆಚೀಚೆ ಆಗುತ್ತಾ ಬರುತ್ತೆ. ಕೊನೆಯ ಕೆಲವು ಹೆಜ್ಜೆಗಳಲ್ಲಿ ಕಣ್ಣು ದೂರ ಅಳೆದು ಕಾಲನ್ನು ಸರಿ ಮಾಡಿಬಿಡುತ್ತೆ. ಈ ಕೆಲಸ ಕಣ್ಣು ಕಾಲು ತಾವೇ ಮಾಡಿಕೊಳ್ಳುತ್ತವೆ. ನೀನು ನಡುವೆ ಬಾಯಿ ಹಾಕಿದರೆ ಕೆಡುತ್ತೆ.

ಹಾಗಾಗಿ ಮನಸ್ಸಿಗೆ ಬೇರೆ ಕೆಲಸ ಕೊಡಬೇಕು. ಕೊನೆಯ ಎರಡು ಹೆಜ್ಜೆಯ ತಾಳ ನಿನಗೆ ಗೊತ್ತು, ಒಂದು ಉದ್ದ, ಒಂದು ಗಿಡ್ಡ. ನನ್ನ ಹತ್ತಿರ ಬರುತ್ತಿದ್ದ ಒಬ್ಬ ಹುಡುಗಿ ಅದಕ್ಕೆ ‘ತಾss-ಟಕ್’ ಅಂತ ಹೆಸರಿಟ್ಟುಕೊಂಡಿದ್ದಳು. ಗುರುತಿನ ಮೇಲೆ ಬೆರಳು ಇಡುವಳು, ಕೈ ಒದರುವಳು, ಬಾಯಿಂದ ಉದ್ದಕ್ಕೆ ಉಸಿರು ಬಿಡುವಳು, ಮರಳಿನ ಪಿಟ್ ಆಚೆಯ ತೆಂಗಿನ ಮರ ನೋಡಿ ‘ತಾss-ಟಕ್’ ಅಂದುಕೊಂಡು ಹೊರಡುವಳು. ಪ್ರತಿ ಸಲವೂ ಅದೇ ಸಾಲು, ಅದೇ ಕ್ರಮ. ನೀನೂ ನಿನ್ನದೇ ಒಂದು ಮಾಡಿಕೋ. ಅದು ಹತ್ತು ಸೆಕೆಂಡಿನಲ್ಲಿ ಮುಗಿಯಬೇಕು.

ಇದನ್ನು ಕೂಟದ ದಿನ ಮೊದಲ ಸಲ ಮಾಡಿದರೆ ಏನೂ ಉಪಯೋಗ ಇಲ್ಲ. ಶನಿವಾರ ಶನಿವಾರ ಒಂದು ಸುಳ್ಳು ಕೂಟ ನಡೆಸಿ. ಒಬ್ಬರು ಕೆಂಪು ಟವೆಲ್ ಹಿಡಿದು ನಿಲ್ಲಲಿ. ಎದೆ ನಂಬರ್ ಕೂಗಲಿ. ಮೂರೇ ಜಿಗಿತ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಹದಿನೈದು ನಿಮಿಷ ಸುಮ್ನೆ ಕಾಯಬೇಕು, ಕೂಟದಲ್ಲಿ ಕಾಯೋ ಹಾಗೆ. ಅಭ್ಯಾಸದಲ್ಲಿ ನೀನು ಹತ್ತು ಸಲ ಹಾರಿ ಒಂದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುತ್ತೀಯ, ಅಲ್ವಾ? ಆ 5 ಮೀಟರ್ ಬಂದಿದ್ದು ಎಷ್ಟನೇ ಜಿಗಿತದಲ್ಲಿ, ಡೈರಿ ತೆಗೆದು ನೋಡು.

ಪ್ರಶ್ನೆ: ಮೇಡಂ, ನಾನು ಕಬಡ್ಡಿ ರೈಡರ್, 22 ವರ್ಷ. ಮ್ಯಾಚ್‌ಗೆ ಮುಂಚೆ ಕೈ ನಡುಗುತ್ತೆ, ಹೊಟ್ಟೆ ಕೆಡುತ್ತೆ, ನಾಲ್ಕು ಸಲ ಟಾಯ್ಲೆಟ್‌ಗೆ ಹೋಗ್ತೀನಿ. ಎಲ್ಲರೂ ‘ಕೂಲ್ ಆಗಿರು’ ಅಂತಾರೆ. ಆಗಲ್ಲ. — ಮಂಡ್ಯ

ಉತ್ತರ: ತಮ್ಮಾ, ಕೂಲ್ ಆಗಿ ರೈಡ್‌ಗೆ ಹೋದವನನ್ನು ನಾನು ಈವರೆಗೂ ನೋಡಿಲ್ಲ. ಏಳು ಜನ ಕೈ ಕೈ ಹಿಡಿದು ನಿನ್ನ ಕಾಲಿಗೆ ಕಾಯ್ತಿರುವಾಗ ಮೈ ತಣ್ಣಗಿದ್ದರೆ ನೀನು ಬೋನಸ್ ಗೆರೆಯನ್ನೂ ಮುಟ್ಟಲ್ಲ. ಎದೆ ಹೊಡೆದುಕೊಳ್ಳೋದು ಕಾಲಿಗೆ ರಕ್ತ ಕಳಿಸೋದಕ್ಕೆ. ಹೊಟ್ಟೆ ಕೆಡೋದು ದೇಹ ಜೀರ್ಣ ಮಾಡೋ ಕೆಲಸ ನಿಲ್ಲಿಸಿ ಆ ಶಕ್ತಿಯನ್ನು ಬೇರೆ ಕಡೆ ತಿರುಗಿಸಿದೆ ಅನ್ನೋದಕ್ಕೆ. ನಡುಕ ಬಂತು ಅಂದರೆ ಎಂಜಿನ್ ಚಾಲೂ ಆಯಿತು ಅಂತ ತಿಳಿದುಕೋ.

ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಜನರ ಎದುರಿಗೆ ಹಾಡೋದು, ಭಾಷಣ ಮಾಡೋದು, ಲೆಕ್ಕ ಬಿಡಿಸೋದು, ಈ ತರಹದ ಕೆಲಸಕ್ಕೆ ಮುಂಚೆ ‘ನಾನು ಹುರುಪಿನಲ್ಲಿದ್ದೇನೆ’ ಅಂದುಕೊಂಡವರು, ‘ಶಾಂತವಾಗಿರಬೇಕು’ ಅಂದುಕೊಂಡವರಿಗಿಂತ ಚೆನ್ನಾಗಿ ಮಾಡಿದರು. ಹೆದರಿಕೆಯಿಂದ ಶಾಂತಿಗೆ ಇಳಿಯೋದು ಬಹಳ ದೂರ. ಹೆದರಿಕೆಯಿಂದ ಹುರುಪಿಗೆ ಒಂದೇ ಹೆಜ್ಜೆ, ಯಾಕೆಂದರೆ ಎರಡರಲ್ಲೂ ಮೈ ಒಂದೇ ತರಹ ಇರುತ್ತೆ. ಕೈ ನಡುಗಿದಾಗ ‘ಮೈ ರೆಡಿ ಆಗ್ತಿದೆ’ ಅಂತ ಬಾಯಿ ಬಿಟ್ಟು ಹೇಳು. ಜೊತೆಗಾರರಿಗೂ ಕೇಳಿಸಲಿ.

ಇನ್ನು ಉಸಿರು. ನಿನ್ನ ಆಟದಲ್ಲೇ ಇದಕ್ಕೆ ಔಷಧಿ ಇದೆ. ಉದ್ದಕ್ಕೆ ಉಸಿರು ಬಿಟ್ಟಾಗ ಎದೆಬಡಿತ ಇಳಿಯುತ್ತೆ. ‘ಕಬಡ್ಡಿ ಕಬಡ್ಡಿ’ ಅನ್ನೋದು ಅದೇ ತಾನೆ? ಬೆಂಚಿನ ಮೇಲೆ ಕೂತಾಗ ಮೂಗಿಂದ ನಾಲ್ಕು ಎಣಿಸುವಷ್ಟು ಉಸಿರು ತಗೋ, ಬಾಯಿಂದ ಆರು ಎಣಿಸುವಷ್ಟು ನಿಧಾನಕ್ಕೆ ಬಿಡು, ಬಿಡುವಾಗ ತುಟಿಯಲ್ಲೇ ‘ಕಬಡ್ಡಿ’ ಅನ್ನು. ಐದು ಸಲ ಸಾಕು. ಟಾಯ್ಲೆಟ್‌ಗೆ ಹೋಗೋದಕ್ಕೆ ನಾಚಿಕೆ ಬೇಡ, ಅದಕ್ಕೆ ಸಮಯ ಇಟ್ಟುಕೊಂಡೇ ಮೈದಾನಕ್ಕೆ ಬಾ. ಊಟ ಮ್ಯಾಚ್‌ಗೆ ಮೂರು ಗಂಟೆ ಮುಂಚೆ ಮುಗಿಸು.

ಡೂ ಆರ್ ಡೈ ರೈಡ್‌ನಲ್ಲಿ, ಅಂದರೆ ಪಾಯಿಂಟ್ ತರದೆ ಇದ್ದರೆ ರೈಡರ್ ಔಟ್ ಆಗೋ ರೈಡ್‌ನಲ್ಲಿ, ಕೈಕಾಲು ಕಟ್ಟಿದ ಹಾಗಾಗುತ್ತೆ ಅಂತ ಪತ್ರದ ಕೊನೆಗೆ ಬರೆದಿದ್ದೀಯ. ಅಭ್ಯಾಸದಲ್ಲಿ ನೀನು ಅದನ್ನು ಬೇರೆಯಾಗಿ ಆಡಿಯೇ ಇಲ್ಲ ಅನ್ನಿಸುತ್ತೆ. ಪ್ರತಿ ದಿನ ಕೊನೆಗೆ, ಸುಸ್ತಾದಮೇಲೆ, ಇಂಥ ಐದು ರೈಡ್ ಮಾಡು. ಮೂವತ್ತು ಸೆಕೆಂಡ್ ಗಡಿಯಾರ ಇಟ್ಟು, ಪಾಯಿಂಟ್ ತರದೆ ಇದ್ದರೆ ಇಡೀ ಟೀಮ್ ಮೈದಾನ ಒಂದು ಸುತ್ತು ಓಡಬೇಕು. ಆ ಒತ್ತಡ ಮೈಗೆ ಅಭ್ಯಾಸ ಆಗಲಿ.

ಪ್ರಶ್ನೆ: ಕಣ್ಣು ಮುಚ್ಚಿ ಕಪ್ ಎತ್ತಿ ಹಿಡಿದ ಹಾಗೆ ದಿನಾ ಕಲ್ಪಿಸಿಕೊಂಡರೆ ನಿಜವಾಗಿ ಗೆಲ್ತೀವಾ? — ಬೆಳಗಾವಿಯ ಈಜುಗಾರ, 17

ಉತ್ತರ: ಇಲ್ಲ. ಕಪ್ ಕಂಡರೆ ಖುಷಿ ಆಗುತ್ತೆ, ಅಷ್ಟೇ. ಕಲ್ಪಿಸಿಕೊಳ್ಳಬೇಕಾದ್ದು ಕೆಲಸವನ್ನು, ಅದರ ಜೊತೆ ಎಡವಟ್ಟುಗಳನ್ನೂ.

ನೀನು ಈಜುಗಾರ, ನಿನಗೆ ಮೈಕಲ್ ಫೆಲ್ಪ್ಸ್ ಗೊತ್ತು. 2008ರ ಬೀಜಿಂಗ್ ಒಲಿಂಪಿಕ್ಸ್, 200 ಮೀಟರ್ ಬಟರ್‌ಫ್ಲೈ ಫೈನಲ್. ಗಾಗಲ್ಸ್ ಒಳಗೆ ನೀರು ತುಂಬಿಕೊಂಡು ಏನೂ ಕಾಣಲಿಲ್ಲ. ಕೈ ಬೀಸಿದ್ದನ್ನು ಎಣಿಸಿಕೊಂಡೇ ಗೋಡೆ ಮುಟ್ಟಿದರು. 1 ನಿಮಿಷ 52.03 ಸೆಕೆಂಡ್, ವಿಶ್ವದಾಖಲೆ. ಅವರ ಕೋಚ್ ಬಾಬ್ ಬೌಮನ್ ವರ್ಷಗಟ್ಟಲೆ ಅವರಿಗೆ ರೇಸನ್ನು ತಲೆಯೊಳಗೆ ಓಡಿಸಿಕೊಳ್ಳೋದನ್ನು ಕಲಿಸಿದ್ದರು, ಏನಾದರೂ ಕೆಟ್ಟರೆ ಏನು ಮಾಡಬೇಕು ಅನ್ನೋದನ್ನೂ ಸೇರಿಸಿ. ಅದೇ ಒಲಿಂಪಿಕ್ಸ್‌ನಲ್ಲಿ ನಮ್ಮ ಶೂಟರ್ ಅಭಿನವ್ ಬಿಂದ್ರಾ ಫೈನಲ್‌ಗೆ ಮುಂಚೆ ಪರೀಕ್ಷೆಗೆ ಹೊಡೆದ ಗುಂಡು ಬರೀ 4 ಅಂಕದ ಜಾಗಕ್ಕೆ ಬಿತ್ತು. ರೈಫಲ್‌ನ ಗುರಿ ಕೆಟ್ಟಿತ್ತು. ಅಷ್ಟರಲ್ಲೇ ಅದನ್ನು ಸರಿ ಮಾಡಿಕೊಂಡು ಆಟಕ್ಕೆ ಇಳಿದು, ಕೊನೆಯ ಗುಂಡಿಗೆ 10.8 ಹೊಡೆದು ಚಿನ್ನ ತಂದರು.

ರಾತ್ರಿ ಮಲಗುವ ಮುಂಚೆ ಐದು ನಿಮಿಷ ತಗೋ. ಕ್ಲೋರಿನ್ ವಾಸನೆ, ಕಾಲ ಕೆಳಗಿನ ಬ್ಲಾಕ್‌ನ ಒರಟು, ಸೀಟಿ, ನೀರಿನ ಚಳಿ, ಎಲ್ಲ ಬರಲಿ. ನಿನ್ನ ರೇಸ್ ಎಷ್ಟು ಸೆಕೆಂಡೋ ಅಷ್ಟೇ ಸೆಕೆಂಡಿನಲ್ಲಿ ತಲೆಯೊಳಗೆ ಈಜು, ಸ್ಟಾಪ್‌ವಾಚ್ ಇಟ್ಟುಕೊಂಡು. ವಾರಕ್ಕೆ ಒಂದು ಸಲ ಟರ್ನ್ ಕೆಟ್ಟ ಹಾಗೆ ಕಲ್ಪಿಸಿಕೊಂಡು, ಆಮೇಲೆ ಏನು ಮಾಡ್ತೀಯ ಅನ್ನೋದನ್ನೂ ಪೂರ್ತಿ ನೋಡು.

ಪ್ರಶ್ನೆ: ನನ್ನ ಮಗನಿಗೆ 12 ವರ್ಷ, ಬ್ಯಾಡ್ಮಿಂಟನ್ ಆಡ್ತಾನೆ. ಪ್ರತಿ ಮ್ಯಾಚ್ ಆದಮೇಲೆ ಕಾರಿನಲ್ಲಿ ಬರುವಾಗ ಎಲ್ಲಿ ತಪ್ಪಾಯಿತು ಅಂತ ವಿವರವಾಗಿ ಹೇಳ್ತೀನಿ. ವಿಡಿಯೋನೂ ತೋರಿಸ್ತೀನಿ. ಈಗ ಮೂರು ತಿಂಗಳಿಂದ ಟೂರ್ನಮೆಂಟ್ ದಿನ ಬೆಳಿಗ್ಗೆ ಹೊಟ್ಟೆ ನೋವು ಅಂತಾನೆ. ಡಾಕ್ಟರ್ ಏನೂ ಇಲ್ಲ ಅಂದರು. ಅವನ ಮನಸ್ಸು ಗಟ್ಟಿ ಮಾಡೋದು ಹೇಗೆ? — ಬೆಂಗಳೂರಿನ ಒಬ್ಬ ತಂದೆ

ಉತ್ತರ: ಸರ್, ನೀವು ಕೇಳಿದ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ನೇರವಾಗಿ ಹೇಳ್ತೀನಿ, ಬೇಜಾರು ಮಾಡಿಕೊಳ್ಳಬೇಡಿ. ಹೊಟ್ಟೆ ನೋವು ಸುಳ್ಳಲ್ಲ. ಹುಡುಗನಿಗೆ ಭಯ ಇರೋದು ಮ್ಯಾಚಿನದಲ್ಲ, ಕಾರಿನದು.

ನನ್ನ ಅಪ್ಪ ನನ್ನನ್ನು ಕೂಟದಿಂದ ಮನೆಗೆ ಕರೆದುಕೊಂಡು ಬರುತ್ತಿದ್ದದ್ದು ಬಸ್ಸಿನಲ್ಲಿ. ಒಂದು ಸಲ ಕೊನೆಯ ಸುತ್ತಿನಲ್ಲಿ ಕಾಲು ಕಟ್ಟಿಕೊಂಡು ಏಳನೆಯವಳಾಗಿ ಬಂದೆ. ಎರಡು ಗಂಟೆ ಪ್ರಯಾಣ. ಅಪ್ಪ ರೇಸಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ದಾರಿಯಲ್ಲಿ ಬಸ್ ನಿಂತಾಗ ಇಳಿದು ಹೋಗಿ ಬೇಯಿಸಿದ ಕಡಲೆಕಾಯಿ ತಂದರು. ಸಿಪ್ಪೆ ಬಿಡಿಸಿ ಬಿಡಿಸಿ ನನ್ನ ಅಂಗೈಗೆ ಹಾಕುತ್ತಾ ಇದ್ದರು. ಊರು ಹತ್ತಿರ ಬಂದಾಗ ನಾನೇ ಹೇಳಿದೆ, ‘ಅಪ್ಪ, ಮೊದಲ ಸುತ್ತು ಬಹಳ ಜೋರಾಗಿ ಓಡಿಬಿಟ್ಟೆ.’ ‘ಹೌದಾ?’ ಅಂದರು, ಅಷ್ಟೇ. ನನ್ನ ತಪ್ಪನ್ನು ನಾನೇ ಕಂಡುಕೊಳ್ಳೋಕೆ ಅವರು ಎರಡು ಗಂಟೆ ಕೊಟ್ಟಿದ್ದರು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ.

ಸೋತ ಹೊತ್ತಿನಲ್ಲಿ ಹುಡುಗನ ತಲೆಗೆ ಏನು ಹೇಳಿದರೂ ಇಳಿಯಲ್ಲ. ‘ಬ್ಯಾಕ್‌ಹ್ಯಾಂಡ್ ತಡ ಮಾಡಿದೆ’ ಅಂತ ನೀವು ಹೇಳಿದ್ದು ಅವನಿಗೆ ‘ಅಪ್ಪನಿಗೆ ನಾನು ಸಾಲದು’ ಅಂತ ಕೇಳಿಸುತ್ತೆ. ನಿಮ್ಮ ಪ್ರೀತಿ ನನಗೆ ಪತ್ರದಲ್ಲೇ ಕಾಣ್ತಿದೆ. ಬೆಳಿಗ್ಗೆ ಐದಕ್ಕೆ ಎದ್ದು ಅವನನ್ನು ಕೋರ್ಟಿಗೆ ಬಿಡೋ ಅಪ್ಪ ನೀವು. ಆದರೆ ಅವನಿಗೆ ಒಬ್ಬ ಕೋಚ್ ಇದ್ದಾರೆ. ಇನ್ನೊಬ್ಬ ಕೋಚ್ ಬೇಡ, ಅಪ್ಪ ಬೇಕು.

ಮುಂದಿನ ಟೂರ್ನಮೆಂಟ್‌ನಿಂದ ಹೀಗೆ ಮಾಡಿ. ವಿಡಿಯೋ ಮಾಡಿ, ಬೇಡ ಅನ್ನಲ್ಲ. ಅದನ್ನು ಕೋಚ್‌ಗೆ ಕಳಿಸಿಬಿಡಿ. ಕಾರಿನಲ್ಲಿ ಅವನು ಮಾತು ತೆಗೆದರೆ ಮಾತ್ರ ಮ್ಯಾಚಿನ ಮಾತು. ತೆಗೆಯದೆ ಇದ್ದರೆ ‘ನೀನು ಆಡೋದನ್ನು ನೋಡೋಕೆ ಖುಷಿ ಆಗುತ್ತೆ’ ಅಂತ ಹೇಳಿ, ದೋಸೆ ತಿನ್ನೋಕೆ ಎಲ್ಲಿಗೆ ಹೋಗೋಣ ಅಂತ ಕೇಳಿ. ಗೆದ್ದ ದಿನವೂ ಇದೇ, ಸೋತ ದಿನವೂ ಇದೇ. ಬರೀ ಗೆದ್ದ ದಿನ ದೋಸೆ ಕೊಡಿಸಿದರೆ ಅದೂ ಇನ್ನೊಂದು ಸ್ಕೋರ್‌ಬೋರ್ಡ್ ಆಗಿಬಿಡುತ್ತೆ.

ಗುರಿ ಇಟ್ಟುಕೊಳ್ಳೋದು ಅವನಿಗೇ ಬಿಡಿ. ‘ಸೆಮಿಫೈನಲ್ ತಲುಪಬೇಕು’ ಅನ್ನೋದು ಎದುರಾಳಿಯ ಕೈಯಲ್ಲೂ ಇರುತ್ತೆ. ‘ಪ್ರತಿ ಸರ್ವಿಸ್‌ಗೆ ಮುಂಚೆ ಒಂದು ಉಸಿರು ತಗೊಂಡು ಎಲ್ಲಿಗೆ ಹಾಕ್ತೀನಿ ಅಂತ ತೀರ್ಮಾನ ಮಾಡ್ತೀನಿ’ ಅನ್ನೋದು ಅವನ ಕೈಯಲ್ಲೇ ಇರುತ್ತೆ. ಇಂಥದ್ದು ಒಂದೇ ಒಂದು ಸಾಕು. ಎರಡು ತಿಂಗಳು ನೋಡಿ. ಆಗಲೂ ಹೊಟ್ಟೆ ನೋವು ಹೋಗದೆ ಇದ್ದರೆ ಆಟಕ್ಕೆ ಸ್ವಲ್ಪ ದಿನ ರಜೆ ಕೊಡಿ, ಮಕ್ಕಳ ಮನಃಶಾಸ್ತ್ರಜ್ಞರಿಗೆ ತೋರಿಸಿ. ‘ಆಡೋದಾ ಬೇಡವಾ’ ಅಂತ ಅವನನ್ನೂ ಕೇಳಿ. ‘ಬೇಡ’ ಅಂದರೂ ಕೇಳಿಸಿಕೊಳ್ಳಿ.

ಪ್ರಶ್ನೆ: ನಾನು ಹಾಕಿ ಆಟಗಾರ್ತಿ, 20 ವರ್ಷ. ಮೊಣಕಾಲಿನ ಎಸಿಎಲ್ (ಮೂಳೆಗಳನ್ನು ಹಿಡಿದಿಡೋ ಲಿಗಮೆಂಟ್) ಹರಿದು ಆಪರೇಷನ್ ಆಗಿ ಏಳು ತಿಂಗಳಾಯಿತು. ಟೀಮಿನ ವಾಟ್ಸ್ಆ್ಯಪ್ ಗ್ರೂಪಿನಿಂದ ಹೊರಗೆ ಬಂದುಬಿಟ್ಟೆ. ನಿದ್ದೆ ಇಲ್ಲ. ಊಟ ಸೇರಲ್ಲ. ಯಾವುದೂ ಬೇಡ ಅನ್ನಿಸುತ್ತೆ. ನನಗೆ ಯಾವ ಟೆಕ್ನಿಕ್ ಹೇಳಿಕೊಡ್ತೀರಿ? — ಕೊಡಗು

ಉತ್ತರ: ಇವತ್ತು ಯಾವ ಟೆಕ್ನಿಕ್ಕೂ ಹೇಳಿಕೊಡಲ್ಲ ಪುಟ್ಟಿ. ನಿದ್ದೆ, ಊಟ, ಜೊತೆಯವರು, ಮೂರೂ ಕೈಬಿಟ್ಟಿವೆ ಅಂದರೆ ಇದು ಆಟದ ತಯಾರಿಯ ವಿಷಯ ಅಲ್ಲ, ಆರೋಗ್ಯದ ವಿಷಯ. ಮೊಣಕಾಲಿಗೆ ಡಾಕ್ಟರ್ ಹತ್ತಿರ ಹೋದ ಹಾಗೆ ಇದಕ್ಕೂ ಹೋಗಬೇಕು. ಈ ಪುಟ ಓದಿ ಮುಗಿಸಿದ ಕೂಡಲೇ 14416ಕ್ಕೆ ಫೋನ್ ಮಾಡು. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಅದರ ಮುಖ್ಯ ಕೇಂದ್ರ ಇರೋದು ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ. ಅಮ್ಮನಿಗೋ ಅಕ್ಕನಿಗೋ, ಮನೆಯಲ್ಲಿ ಯಾರಾದರೂ ಒಬ್ಬರಿಗೆ ಇವತ್ತೇ ಹೇಳು. ಈ ಪತ್ರವನ್ನೇ ಓದೋಕೆ ಕೊಟ್ಟರೂ ಸರಿ. ಬದುಕೇ ಬೇಡ ಅನ್ನೋ ಯೋಚನೆ ಬಂದಿದ್ದರೆ ಒಬ್ಬಳೇ ಇರಬೇಡ, ಅವರ ಜೊತೆ ಈಗಲೇ ಹತ್ತಿರದ ಆಸ್ಪತ್ರೆಗೆ ಹೋಗು.

ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಟೋಕಿಯೋ ಒಲಿಂಪಿಕ್ಸ್‌ನ ನಡುವೆ, ಇಡೀ ಲೋಕ ನೋಡ್ತಿರುವಾಗ, ‘ಈಗ ನನ್ನಿಂದ ಆಗಲ್ಲ’ ಅಂತ ಹಿಂದೆ ಸರಿದರು. ಜನ ಏನೇನೋ ಅಂದರು. ಅವರು ಸಹಾಯ ತಗೊಂಡರು, ಸಮಯ ತಗೊಂಡರು, 2024ರಲ್ಲಿ ಪ್ಯಾರಿಸ್‌ನಲ್ಲಿ ಮೂರು ಚಿನ್ನ ಗೆದ್ದರು. ನೀನೂ ಚಿನ್ನ ಗೆಲ್ಲಬೇಕು ಅಂತ ಇದನ್ನು ಹೇಳ್ತಿಲ್ಲ. ಸಹಾಯ ಕೇಳಿದ್ದಕ್ಕೆ ಆಟಗಾರ್ತಿಯ ಬೆಲೆ ಕಡಿಮೆ ಆಗಲ್ಲ ಅಂತ ಹೇಳ್ತಿದ್ದೀನಿ. ಎಸಿಎಲ್ ಆಪರೇಷನ್ ಆದವರಲ್ಲಿ ಎಷ್ಟೋ ಜನ ಒಂಬತ್ತು ತಿಂಗಳು, ವರ್ಷ ಕಾದು ಮೈದಾನಕ್ಕೆ ಬರ್ತಾರೆ. ನಿನಗೆ ತಡ ಆಗಿಲ್ಲ. ಡಾಕ್ಟರ್ ನೋಡಿದಮೇಲೆ ಎರಡು ಸಾಲು ಬರೆದು ತಿಳಿಸು. ಕಾಯ್ತಿರ್ತೀನಿ.

ಪ್ರಶ್ನೆ: ಪಂದ್ಯದ ಹಿಂದಿನ ರಾತ್ರಿ ನಿದ್ದೆಯೇ ಬರಲ್ಲ. ಏನು ಮಾಡಲಿ? — ಖೋಖೋ ಆಟಗಾರ, ದಾವಣಗೆರೆ

ಉತ್ತರ: ಒಂದು ರಾತ್ರಿ ನಿದ್ದೆ ಸರಿ ಆಗದೆ ಇದ್ದರೆ ಆಟ ಹಾಳಾಗಲ್ಲ. ‘ನಿದ್ದೆ ಬರಲಿಲ್ಲವಲ್ಲ’ ಅನ್ನೋ ಚಿಂತೆಯೇ ಜಾಸ್ತಿ ತಿನ್ನುತ್ತೆ. ಅದಕ್ಕೂ ಮುಂಚಿನ ಎರಡು ಮೂರು ರಾತ್ರಿ ಬೇಗ ಮಲಗು. ಹಿಂದಿನ ಸಂಜೆಯೇ ಚೀಲ ಕಟ್ಟಿಡು: ಜೆರ್ಸಿ, ಮೊಣಕಾಲಿನ ಪಟ್ಟಿ, ನೀರಿನ ಬಾಟಲಿ, ಗುರುತಿನ ಚೀಟಿ, ಎರಡು ಬಾಳೆಹಣ್ಣು. ಫೋನನ್ನು ಬೇರೆ ಕೋಣೆಯಲ್ಲಿ ಇಡು. ಹಾಸಿಗೆಯಲ್ಲಿ ಪಾದದಿಂದ ಶುರು ಮಾಡಿ ಒಂದೊಂದೇ ಭಾಗ ಬಿಗಿ ಹಿಡಿದು ಬಿಡುತ್ತಾ ಹೋಗು, ಪಾದ, ಮೀನಖಂಡ, ತೊಡೆ, ಹೊಟ್ಟೆ, ಮುಷ್ಟಿ, ಭುಜ, ದವಡೆ. ನಿದ್ದೆ ಬಂದರೆ ಸರಿ, ಬರದೆ ಇದ್ದರೂ ಮೈಗೆ ವಿಶ್ರಾಂತಿ ಸಿಕ್ಕಿರುತ್ತೆ. ಪಂದ್ಯದ ದಿನ ಹೊಸ ಬೂಟು, ಹೊಸ ತಿಂಡಿ ಯಾವುದೂ ಬೇಡ. ಬೂಟಿನ ಲೇಸ್ ಕೂಡ ಹಳೆಯದೇ ಇರಲಿ.